14 ಇಂಚಾ, 16 ಇಂಚಾ? ಲ್ಯಾಪ್‌ಟಾಪ್ ಸೈಜ್ ಡಿಸೈಡ್ ಮಾಡೋಕೆ ಬಿಸಿ ಲೆಕ್ಕ, ಭಾರದ ಲೆಕ್ಕ

ಲ್ಯಾಪ್‌ಟಾಪ್ ತಗೊಳೋಕೆ ಹೊರಟೋರು ಮೊದಲು ಕೇಳೋದೇ ಯಾವ ಪ್ರೊಸೆಸರ್, ಎಷ್ಟು ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಇದ್ಯಾ ಇಲ್ವಾ ಅಂತ. ಸೈಜ್ ವಿಷಯ ಕೊನೆಗೆ ಬರತ್ತೆ, "14 ಚಿಕ್ಕದಾಯ್ತು, 17 ಹೊರೋಕಾಗಲ್ಲ, ಸುಮ್ನೆ ನಡುವಿಂದು 15.6 ತಗೊಂಡ್ಬಿಡೋಣ" ಅಂತ ಎರಡು ನಿಮಿಷದಲ್ಲಿ ಮುಗಿಸ್ತಾರೆ. ನಾನು ಹೇಳೋದು ಉಲ್ಟಾ. ಮೊದಲು ಬಾಡಿ ಎಷ್ಟು ದೊಡ್ಡದಿರ್ಬೇಕು ಅಂತ ಡಿಸೈಡ್ ಮಾಡಿ, ಅದರೊಳಗೆ ಯಾವ ಚಿಪ್ ಸರಿಹೋಗತ್ತೆ ಅನ್ನೋದು ಆಮೇಲೆ. ಯಾಕಂದ್ರೆ ಒಂದೇ ಹೆಸರಿನ ಪ್ರೊಸೆಸರ್, ಒಂದೇ ಹೆಸರಿನ ಗ್ರಾಫಿಕ್ಸ್ ಕಾರ್ಡ್ 14 ಇಂಚಿನ ತೆಳು ಬಾಡಿಲಿ ಕೂತಾಗ ಒಂದು ತರ ಓಡತ್ತೆ, 16 ಇಂಚಿನ ದಪ್ಪ ಬಾಡಿಲಿ ಕೂತಾಗ ಇನ್ನೊಂದು ತರ ಓಡತ್ತೆ, ಮೇಲಿನ ಸ್ಟಿಕ್ಕರ್ ಮಾತ್ರ ಎರಡರಲ್ಲೂ ಸೇಮ್.

ಆದ್ರಿಂದ ಇಂಚು ಬಿಟ್ಟು ಎರಡು ಪ್ರಶ್ನೆ ಕೇಳ್ಕೊಳ್ಳಿ. ಈ ಮೆಷಿನ್ ಅರ್ಧ ಗಂಟೆ ಆದ್ಮೇಲೂ ಎಷ್ಟು ವ್ಯಾಟಲ್ಲಿ ಓಡತ್ತೆ? ವಾರದಲ್ಲಿ ಎಷ್ಟು ದಿನ ಇದು ಟೇಬಲ್ ಬಿಟ್ಟು ಹೊರಗೆ ಬರತ್ತೆ? ಈ ಎರಡಕ್ಕೆ ಪ್ರಾಮಾಣಿಕವಾಗಿ ಉತ್ತರ ಸಿಕ್ಕಿದ್ರೆ ಸೈಜು ತಾನಾಗೇ ಗೊತ್ತಾಗತ್ತೆ.

ಬಿಸಿ ಕತೆ

ಲ್ಯಾಪ್‌ಟಾಪ್ ಎಳ್ಕೊಳೋ ಕರೆಂಟ್ ಹೆಚ್ಚುಕಮ್ಮಿ ಪೂರ್ತಿ ಕೊನೆಗೆ ಬಿಸಿನೇ ಆಗೋದು. 100 ವ್ಯಾಟ್ ಎಳ್ಕೊಂಡ್ರೆ 100 ವ್ಯಾಟ್ ಬಿಸಿ ಹೊರಗೆ ಹೋಗ್ಲೇಬೇಕು. ಚಿಪ್ ಮೇಲೆ ಕೂತಿರೋ ತಾಮ್ರದ ಹೀಟ್ ಪೈಪು ಆ ಬಿಸಿನ ಅಂಚಲ್ಲಿರೋ ತೆಳ್ಳನೆ ಲೋಹದ ಪಟ್ಟಿಗಳಿಗೆ ಒಯ್ಯತ್ತೆ, ಅದಕ್ಕೆ ಫಿನ್ ಅಂತಾರೆ, ಫ್ಯಾನು ಕೆಳಗಿಂದ ತಣ್ಣಗಿನ ಗಾಳಿ ಎಳ್ದು ಆ ಫಿನ್‌ಗಳ ಸಂದಿಲಿ ತಳ್ಳಿ ಹಿಂದಿಂದಲೋ ಪಕ್ಕದಿಂದಲೋ ಹೊರಗೆ ಬಿಡತ್ತೆ. ಫ್ಯಾನ್ ಇರೋ ಎಲ್ಲಾ ಲ್ಯಾಪ್‌ಟಾಪಲ್ಲೂ ಇಷ್ಟೇ ಇರೋದು, ಎಷ್ಟೇ ಫ್ಯಾನ್ಸಿ ಹೆಸರಿಟ್ಟು ಆಡ್ ಮಾಡಿದ್ರೂ.

ಈಗ ಬಾಡಿ ಚಿಕ್ಕದಾದ್ರೆ ಏನಾಗತ್ತೆ ನೋಡಿ. ಫಿನ್ ಇಡೋಕೆ ಜಾಗ ಕಮ್ಮಿ, ಫ್ಯಾನಿನ ರೆಕ್ಕೆ ಚಿಕ್ಕದು, ಕೆಳಗಡೆ ಗಾಳಿ ಎಳ್ಕೊಳೋ ತೂತುಗಳೂ ಕಮ್ಮಿ. ಅಷ್ಟೇ ಗಾಳಿ ತಳ್ಬೇಕಂದ್ರೆ ಚಿಕ್ಕ ಫ್ಯಾನು ಜೋರಾಗಿ ತಿರುಗ್ಬೇಕು, ಜೋರಾಗಿ ತಿರುಗಿದ್ರೆ ಸದ್ದು, ಅದೂ ಕಿರ್ರ್ ಅನ್ನೋ ಸಣ್ಣ ದನಿ ಸದ್ದು, ಕ್ಲಾಸಲ್ಲೋ ಲೈಬ್ರರಿಲೋ ಕೂತಿದ್ರೆ ಅಕ್ಕಪಕ್ಕದೋರು ತಿರುಗಿ ನೋಡೋ ತರ. ದೊಡ್ಡ ಫ್ಯಾನು ಮೆಲ್ಲಗೆ ತಿರುಗಿನೂ ಅಷ್ಟೇ ಗಾಳಿ ಕೊಡತ್ತೆ. 16 ಇಂಚಿನೋವು ನಿಶ್ಶಬ್ದ ಅಂತಲ್ಲ, ಗೇಮ್ ಹಾಕಿದ್ರೆ ಅವೂ ಕೂಗ್ತವೆ, ಆದ್ರೆ ಅಷ್ಟೇ ಕೆಲಸಕ್ಕೆ ಅಷ್ಟು ಕೂಗಲ್ಲ.

ಗಾಳಿ ಸಾಲದೇ ಹೋದ್ರೆ ಚಿಪ್ ಸುಟ್ಟೋಗಲ್ಲ, ಆ ಭಯ ಬೇಡ. ಇವತ್ತಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ರ ಬಂದಾಗ ತಾವಾಗೇ ವೇಗ ಇಳಿಸ್ಕೋತವೆ, ಇದಕ್ಕೇ ಥ್ರಾಟ್ಲಿಂಗ್ ಅನ್ನೋದು. ನೀವು ಕೊಟ್ಟ ದುಡ್ಡಿಗೆ ಸಿಗಬೇಕಾದ ವೇಗ ಸಿಗಲ್ಲ, ನಷ್ಟ ಅಷ್ಟೇ.

ಮೋಸ ಹೋಗೋ ಜಾಗ ಬೇರೆ ಇದೆ. ಇಂಟೆಲ್ ಪ್ರೊಸೆಸರ್‌ಗಳಿಗೆ ಎರಡು ಮಿತಿ ಇರತ್ತೆ, ಸ್ವಲ್ಪ ಹೊತ್ತಿಗೆ ಒಂದು, ದೀರ್ಘಕಾಲಕ್ಕೆ ಒಂದು. ಉದಾಹರಣೆಗೆ ಐ7 13700ಎಚ್ ತಗೊಳ್ಳಿ, ಅದರ ಬೇಸ್ ಪವರ್ 45 ವ್ಯಾಟ್, ಟರ್ಬೋಲಿ 115 ವ್ಯಾಟ್ ತನಕ ಹೋಗ್ಬಹುದು. ಮೊದಲ ಕೆಲವು ಸೆಕೆಂಡು ಎಲ್ಲಾ ಲ್ಯಾಪ್‌ಟಾಪೂ ಹಾರಾಡತ್ತೆ, ಶೋರೂಮಲ್ಲಿ ನೀವು ಫೋಟೋಶಾಪ್ ಓಪನ್ ಮಾಡಿ ನೋಡಿದಾಗ ತೆಳ್ಳಗಿನ 14 ಇಂಚಿಂದೂ ದಪ್ಪನೆ 16 ಇಂಚಿಂದೂ ಒಂದೇ ತರ ಅನ್ಸತ್ತೆ. ಒಂದು ನಿಮಿಷ ದಾಟಿದ್ಮೇಲೆ ಗೊತ್ತಾಗೋದು, ಒಂದು 30 ವ್ಯಾಟಿಗೆ ಇಳಿದಿರತ್ತೆ ಇನ್ನೊಂದು 70 ವ್ಯಾಟಲ್ಲಿ ಆರಾಮಾಗಿ ಓಡ್ತಿರತ್ತೆ. ನಿಮ್ಮ ಕೆಲಸ ಸೆಕೆಂಡಲ್ಲಿ ಮುಗಿಯೋ ತರದ್ದಾದ್ರೆ, ಅಂದ್ರೆ ಬ್ರೌಸರ್, ವರ್ಡ್, ಎಕ್ಸೆಲ್, ಮೀಟಿಂಗ್, ಸಣ್ಣಪುಟ್ಟ ಕೋಡಿಂಗ್, ಈ ವ್ಯತ್ಯಾಸ ನಿಮಗೆ ಜನ್ಮದಲ್ಲಿ ಕಾಣಲ್ಲ. ಅರ್ಧ ಗಂಟೆ ರೆಂಡರ್ (3ಡಿ ಮಾಡೆಲಿಂದಲೋ ಎಡಿಟ್ ಮಾಡಿದ್ದರಿಂದಲೋ ಕೊನೆಯ ಚಿತ್ರ, ವಿಡಿಯೋ ತೆಗೆಯೋ ಕೆಲಸ), ದೊಡ್ಡ ಪ್ರಾಜೆಕ್ಟ್ ಬಿಲ್ಡ್, ಸಿಮ್ಯುಲೇಷನ್, ಗೇಮಿಂಗ್ ಆದ್ರೆ ಬೇರೇನೂ ಕಾಣಲ್ಲ, ಇದೊಂದೇ ಕಾಣತ್ತೆ.

ಗ್ರಾಫಿಕ್ಸ್ ಕಾರ್ಡಲ್ಲಿ ಇನ್ನೂ ಜೋರು

ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡಿಗೆ ಕಂಪನಿನೇ ಕೊಟ್ಟಿರೋ ರೇಂಜು 35ರಿಂದ 115 ವ್ಯಾಟ್. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ, ಹೆಸರು ಮಾತ್ರ ಒಂದೇ! ಇದರ ಮೇಲೆ ಡೈನಾಮಿಕ್ ಬೂಸ್ಟ್ ಅಂತ 25 ವ್ಯಾಟ್ ಸೇರಿಸಿ ದಪ್ಪನೆ ಮೆಷಿನ್‌ಗಳಲ್ಲಿ 140 ವ್ಯಾಟ್ ಅಂತ ಬರ್ಕೊಂಡಿರ್ತಾರೆ. 2024ರ ಎಚ್‌ಪಿ ಓಮೆನ್ ಟ್ರಾನ್ಸೆಂಡ್ 14ರಲ್ಲಿ ಇದೇ 4060 ಇದೆ, 65 ವ್ಯಾಟಲ್ಲಿ. ಅದೇ ವರ್ಷದ ಏಸಸ್ ಜೆಫೈರಸ್ ಜಿ14ರಲ್ಲಿ ಗ್ರಾಫಿಕ್ಸಿಗೆ 90 ವ್ಯಾಟ್ ತನಕ ಕೊಟ್ಟಿದ್ದಾರೆ. ಎರಡೂ 14 ಇಂಚೇ, ಎರಡೂ ಒಂದೂವರೆ ಕೆಜಿ ಆಸುಪಾಸಿನೋವೇ. ಅಂದ್ರೆ ಒಂದೇ ಸೈಜಲ್ಲೂ ಕಂಪನಿ ಎಷ್ಟು ಧೈರ್ಯ ಮಾಡಿದೆ ಅನ್ನೋದು ಬೇರೆ ಬೇರೆ ಇರತ್ತೆ, ಆ ನಂಬರ್ ನೋಡದೇ ಆರ್ಡರ್ ಹಾಕ್ಬೇಡಿ. ಟಿಜಿಪಿ (ಗ್ರಾಫಿಕ್ಸಿಗೆ ಕೊಟ್ಟಿರೋ ವ್ಯಾಟ್) ಅಂತ ಸ್ಪೆಕ್ ಶೀಟಲ್ಲಿ ಸಣ್ಣ ಅಕ್ಷರದಲ್ಲಿ ಇರತ್ತೆ, ಇಲ್ಲ ಅಂದ್ರೆ ಕಂಪನಿಯ ಸೈಟಲ್ಲಿ ಹುಡುಕಿ, ಅಲ್ಲೂ ಇಲ್ಲ ಅಂದ್ರೆ ಅದು ಹೇಳ್ಕೊಳೋ ಅಷ್ಟು ಚೆನ್ನಾಗಿಲ್ಲ ಅಂತ ಅಂದ್ಕೊಳ್ಳೋದ್ರಲ್ಲಿ ತಪ್ಪಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನ ಅಂಗಡಿಯವರು ಹೇಳಲ್ಲ. 4060, 4070 ಕಾರ್ಡುಗಳಲ್ಲಿ 100 ವ್ಯಾಟ್ ಹತ್ರ ಹೋದ್ಮೇಲೆ ಎಕ್ಸ್‌ಟ್ರಾ ವ್ಯಾಟ್ ಕೊಟ್ರೂ ಸಿಗೋ ಲಾಭ ಚೂರುಪಾರು. ಹಾಗಾಗಿ 90 ವ್ಯಾಟಿನ 14 ಇಂಚು, 140 ವ್ಯಾಟಿನ 16 ಇಂಚಿಗಿಂತ ಕಾಗದದ ಮೇಲೆ ಕಾಣೋ ಅಷ್ಟು ಹಿಂದೆ ಬೀಳಲ್ಲ. 65 ವ್ಯಾಟಿಂದು ಮಾತ್ರ ನಿಜವಾಗ್ಲೂ ಹಿಂದೆ ಬೀಳತ್ತೆ. ಇನ್ನು 4080, 4090 ತರದ ದೊಡ್ಡ ಚಿಪ್ಪುಗಳು 150 ವ್ಯಾಟ್ ಕೊಟ್ರೂ ನುಂಗ್ತವೆ, ಅವನ್ನ 14 ಇಂಚಲ್ಲಿ ತಗೊಳೋದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ, ತಗೊಂಡೋರು ಬೈಕೊಂಡ್ರೂ ಪರ್ವಾಗಿಲ್ಲ.

ಇನ್ನೊಂದು ವಿಷಯ, ಚಿಕ್ಕ ಬಾಡಿಲಿ ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಹೀಟ್ ಪೈಪ್ ಹಂಚ್ಕೊಂಡಿರ್ತವೆ. ಒಂದೊಂದೇ ಕೆಲಸ ಮಾಡಿದ್ರೆ ಓಕೆ, ಎರಡೂ ಒಟ್ಟಿಗೆ ದುಡಿಯೋ ಕೆಲಸ ಬಂದ್ರೆ, ಹೊಸ ಗೇಮು, ಲುಮಿಯಾನ್, ಬ್ಲೆಂಡರ್ ತರದ 3ಡಿ ಸಾಫ್ಟ್‌ವೇರು, ಪ್ರೀಮಿಯರ್ ತರದ ವಿಡಿಯೋ ಎಡಿಟಿಂಗು, ಆಗ ಒಂದಕ್ಕೆ ಕೊಟ್ಟ ವ್ಯಾಟು ಇನ್ನೊಂದರಿಂದ ಕಿತ್ತು ಕೊಟ್ಟಿದ್ದೇ ಆಗಿರತ್ತೆ. ಮೆಷಿನ್‌ಗಳನ್ನ ಹೋಲಿಸುವಾಗ ಎರಡೂ ಸೇರಿ ಒಟ್ಟು ಎಷ್ಟು ವ್ಯಾಟ್ ಅಂತ ನೋಡಿ.

ಇದು ವಿಂಡೋಸ್ ಮೆಷಿನ್‌ಗಳ ಕತೆ ಮಾತ್ರ ಅಂದ್ಕೋಬೇಡಿ. 2021ರಲ್ಲಿ ಆಪಲ್ ಎಂ1 ಮ್ಯಾಕ್ಸ್ ಚಿಪ್ಪನ್ನ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೋ ಎರಡರಲ್ಲೂ ಹಾಕ್ತು, ಆದ್ರೆ ಹೈ ಪವರ್ ಮೋಡ್ ಅನ್ನೋ ಆಪ್ಶನ್ ಕೊಟ್ಟಿದ್ದು 16ಕ್ಕೆ ಮಾತ್ರ. ಚಿಪ್ ಅದೇ, ತಣ್ಣಗೆ ಮಾಡೋಕೆ ಜಾಗ ಇದ್ದಿದ್ದು ದೊಡ್ಡದ್ರಲ್ಲಿ. ಮ್ಯಾಕ್‌ಬುಕ್ ಏರ್ ಅಂತೂ ಫ್ಯಾನೇ ಇಲ್ಲದ್ದು, 13 ಇಂಚಿಂದೂ ಅಷ್ಟೇ 2023ರಲ್ಲಿ ಬಂದ 15 ಇಂಚಿಂದೂ ಅಷ್ಟೇ. ದಿನಬಳಕೆಗೆ ಅದಕ್ಕಿಂತ ಆರಾಮದ್ದು ಸಿಗಲ್ಲ, ಸದ್ದೇ ಇಲ್ಲ, ಧೂಳು ಎಳ್ಕೊಳೋ ಫ್ಯಾನೂ ಇಲ್ಲ. ಆದ್ರೆ ಉದ್ದನೆ ವಿಡಿಯೋ ಎಕ್ಸ್‌ಪೋರ್ಟಿಗೆ ಇಟ್ರೆ ಸ್ವಲ್ಪ ಹೊತ್ತಲ್ಲಿ ನಿಧಾನ ಆಗತ್ತೆ. 15 ಇಂಚಿನ ಏರ್ ತಗೊಂಡ್ರೆ ಸ್ಕ್ರೀನ್ ದೊಡ್ಡದು ಸಿಗತ್ತೆ, ಕೂಲಿಂಗ್ ಪ್ರೋ ತರ ಸಿಗತ್ತೆ ಅಂದ್ಕೊಂಡ್ರೆ ಇಲ್ಲ.

ಅಂಥದ್ದೇ ಇನ್ನೊಂದು ಎಲ್‌ಜಿ ಗ್ರಾಮ್ 17. ಹದಿನೇಳು ಇಂಚಿನ ಸ್ಕ್ರೀನ್, ತೂಕ ಬರೀ 1.35 ಕೆಜಿ, ಕೈಲಿ ಹಿಡಿದ್ರೆ ಡಮ್ಮಿ ಪೀಸ್ ಕೊಟ್ಟಿದ್ದಾರಾ ಅನ್ಸತ್ತೆ. ಇಂಚು ಜಾಸ್ತಿ ಇದ್ದ ಮಾತ್ರಕ್ಕೆ ಕೂಲಿಂಗ್ ಜಾಸ್ತಿ ಅಲ್ಲ ಅನ್ನೋಕೆ ಇದೇ ಸಾಕ್ಷಿ, ಕೂಲಿಂಗಿಗೆ ತಾಮ್ರ ಬೇಕು, ಫ್ಯಾನ್ ಬೇಕು, ದಪ್ಪ ಬೇಕು, ಇವೆಲ್ಲ ತೂಕಾನೇ. ದೊಡ್ಡ ಸ್ಕ್ರೀನ್ ಬೇಕು, ಹಗುರ ಇರ್ಬೇಕು, ಭಾರಿ ಕೆಲಸ ಇಲ್ಲ ಅನ್ನೋರಿಗೆ ಅದು ಬಂಗಾರದಂಥ ಮೆಷಿನ್.

ನಮ್ಮೂರ ಬಿಸಿಲನ್ನ ಲೆಕ್ಕಕ್ಕೆ ಹಿಡೀರಿ

ರಿವ್ಯೂ ಮಾಡೋರು ಸಾಮಾನ್ಯವಾಗಿ ಎಸಿ ರೂಮಲ್ಲಿ ಕೂತು ಟೆಸ್ಟ್ ಮಾಡಿರ್ತಾರೆ, 22ರಿಂದ 25 ಡಿಗ್ರಿ ಇರತ್ತೆ ಅಂತಿಟ್ಕೊಳ್ಳಿ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಲ್ಲಿ ಹೊರಗೆ 40 ಡಿಗ್ರಿ ದಾಟಿರತ್ತೆ, ತಾರಸಿ ಕೆಳಗಿನ ಹಾಸ್ಟೆಲ್ ರೂಮಲ್ಲಿ ಕೂತೋರಿಗೆ ಗೊತ್ತು ಒಳಗೆ ಹೆಂಗಿರತ್ತೆ ಅಂತ. ರೂಮಿನ ಬಿಸಿ ಒಂದು ಡಿಗ್ರಿ ಏರಿದ್ರೆ ಚಿಪ್ಪಿನ ಬಿಸಿನೂ ಹೆಚ್ಚುಕಮ್ಮಿ ಒಂದು ಡಿಗ್ರಿ ಏರತ್ತೆ, ಅಂದ್ರೆ ರಿವ್ಯೂಲಿ 85 ಡಿಗ್ರಿ ತೋರ್ಸಿದ ಮೆಷಿನ್ನು ಅಲ್ಲಿ ನೂರು ಮುಟ್ಟತ್ತೆ, ನೂರು ದಾಟೋಕೆ ಚಿಪ್ ಬಿಡಲ್ಲ, ಹಾಗಾಗಿ ವ್ಯಾಟ್ ಇಳಿಯತ್ತೆ. ರಿವ್ಯೂಲೇ 95 ಡಿಗ್ರಿ ಮುಟ್ಟಿದ್ದ ತೆಳ್ಳಗಿಂದು ಮೊದಲು ಬಲಿ. ಬಿಸಿಲು ಸೀಮೆಲಿ ಎಸಿ ಇಲ್ಲದೆ ಕೆಲಸ ಮಾಡೋರು ಒಂದು ಸೈಜ್ ಮೇಲೆ ಹೋಗಿ, ಇಲ್ಲಾ ಅದೇ ಸೈಜಲ್ಲಿ ಒಂದು ಮೆಟ್ಟಿಲು ಕೆಳಗಿನ ಚಿಪ್ ತಗೊಳ್ಳಿ ಅನ್ನೋದು ಇದಕ್ಕೇ. ಮಡಿಕೇರಿ, ಚಿಕ್ಕಮಗಳೂರು ಕಡೆಯೋರು, ಜರ್ಮನಿ ಕೆನಡಾಗೆ ಓದೋಕೆ ಹೋಗಿರೋರು ಈ ಪ್ಯಾರಾ ಬಿಟ್ಬಿಡಬಹುದು.

ಧೂಳು ಇನ್ನೊಂದು. ತೆಳು ಮೆಷಿನ್‌ಗಳಲ್ಲಿ ಫಿನ್‌ಗಳ ಸಂದಿ ಬಹಳ ಕಿರಿದು, ಫ್ಯಾನಿಗೂ ಫಿನ್ನಿಗೂ ನಡುವೆ ಧೂಳು ಕೂತು ಫೆಲ್ಟ್ ಬಟ್ಟೆ ತರ ಪದರ ಕಟ್ಕೊಳತ್ತೆ, ಆಮೇಲೆ ಫ್ಯಾನ್ ಎಷ್ಟು ಕೂಗಿದ್ರೂ ಗಾಳಿ ಹೊರಗೆ ಬರಲ್ಲ. ರಸ್ತೆ ಪಕ್ಕದ ಮನೆ, ಕಟ್ಟಡ ಕೆಲಸ ನಡೀತಿರೋ ಏರಿಯಾ, ಬಳ್ಳಾರಿ ಕಡೆಯ ಕೆಂಧೂಳು, ಇವೆಲ್ಲ ಇದ್ರೆ ವರ್ಷಕ್ಕೊಮ್ಮೆ ಕೆಳಗಿನ ಮುಚ್ಚಳ ತೆಗೆದು ಕ್ಲೀನ್ ಮಾಡಿಸ್ಬೇಕಾಗತ್ತೆ. ಸಾಮಾನ್ಯ ಸ್ಕ್ರೂ ಇರೋ ಮುಚ್ಚಳಾನಾ, ಬಿಚ್ಚಿದ್ರೆ ವಾರಂಟಿ ಹೋಗತ್ತಾ ಅಂತ ತಗೊಳೋ ಮುಂಚೆನೇ ಕೇಳಿ.

ಈಗ ಭಾರ

ಸ್ಪೆಕ್ ಶೀಟಲ್ಲಿ ಬರೆದಿರೋ ತೂಕ ಅರ್ಧ ಸತ್ಯ. ನೀವು ಹೊರೋದು ಲ್ಯಾಪ್‌ಟಾಪ್ ಪ್ಲಸ್ ಚಾರ್ಜರ್. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ 14 ಇಂಚಿಂದು ಒಂದು ಕೆಜಿ ಆಚೀಚೆ, 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆಜಿ, ಇವಕ್ಕೆ 65 ವ್ಯಾಟಿನ ಯುಎಸ್‌ಬಿ ಸಿ ಚಾರ್ಜರ್ ಸಾಕು, ಫೋನಿಗೂ ಅದೇ ಆಗತ್ತೆ, ಮರೆತು ಬಂದ್ರೆ ಆಫೀಸಲ್ಲಿ ಯಾರ್ದಾದ್ರೂ ಸಿಗತ್ತೆ. ಜೆಫೈರಸ್ ಜಿ14 ಒಂದೂವರೆ ಕೆಜಿ. 16 ಇಂಚಿನ ಮ್ಯಾಕ್‌ಬುಕ್ ಪ್ರೋ 2.1 ಕೆಜಿ. ಲೀಜನ್ ತರದ 16 ಇಂಚಿನ ಗೇಮಿಂಗ್ ಲ್ಯಾಪ್‌ಟಾಪು ಎರಡೂವರೆ ಕೆಜಿ, ಅದರ ಜೊತೆ 230 ಅಥವಾ 300 ವ್ಯಾಟಿನ ಇಟ್ಟಿಗೆಯಂಥ ಅಡಾಪ್ಟರ್ರು ಮುಕ್ಕಾಲು ಕೆಜಿಯಿಂದ ಒಂದು ಕೆಜಿ. ಅಲ್ಲಿಗೆ ಮೂರೂವರೆ ಕೆಜಿ ಹತ್ರ ಬಂತು, ಇನ್ನು ನೀರಿನ ಬಾಟ್ಲು, ಟಿಫನ್ ಡಬ್ಬಿ, ಛತ್ರಿ. 17, 18 ಇಂಚಿನೋವು ಮೆಷಿನ್ನೇ ಮೂರು ಕೆಜಿ ಆಚೀಚೆ, ಅವನ್ನ ಲ್ಯಾಪ್ ಮೇಲೆ ಇಟ್ಕೊಳೋರನ್ನ ನಾನಂತೂ ಕಂಡಿಲ್ಲ, ಅದರ ಬಗ್ಗೆ ಇಷ್ಟೇ ಸಾಕು.

ಅಡಾಪ್ಟರ್ ಮನೇಲೇ ಬಿಟ್ಟು ಹೋದ್ರಾಯ್ತಲ್ಲ ಅಂತ ಕೇಳ್ತೀರಾ. ಆಗಲ್ಲ. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಲಿ ಓಡುವಾಗ ಗ್ರಾಫಿಕ್ಸ್ ಪವರ್ ಸಿಕ್ಕಾಪಟ್ಟೆ ಇಳಿಯತ್ತೆ, ಇಳಿಯದೇ ಹೋದ್ರೆ 80 ವ್ಯಾಟ್ ಅವರ್ ಬ್ಯಾಟರಿ 160 ವ್ಯಾಟ್ ಲೋಡಿಗೆ ಅರ್ಧ ಗಂಟೆಗೆ ಖಾಲಿ. ಬ್ಯಾಟರಿನ ಇನ್ನೂ ದೊಡ್ಡದು ಮಾಡೋಣ ಅಂದ್ರೆ ವಿಮಾನದ ರೂಲ್ಸ್ ಅಡ್ಡ ಬರತ್ತೆ, 100 ವ್ಯಾಟ್ ಅವರ್ ತನಕ ಮಾತ್ರ ಏರ್‌ಲೈನ್ ಪರ್ಮಿಷನ್ ಇಲ್ಲದೇ ಕ್ಯಾಬಿನ್ನಲ್ಲಿ ಒಯ್ಯಬಹುದು, ಅದಕ್ಕೇ ದೊಡ್ಡ ಲ್ಯಾಪ್‌ಟಾಪ್‌ಗಳಲ್ಲಿ 99 ಚಿಲ್ಲರೆ ಅಂತ ಕಾಣೋದು. ಅಂದ್ರೆ 18 ಇಂಚಿಗೂ 16 ಇಂಚಿಗೂ ಬ್ಯಾಟರಿ ಮಿತಿ ಒಂದೇ, ಹಸಿವು ಮಾತ್ರ ದೊಡ್ಡದಕ್ಕೆ ಜಾಸ್ತಿ.

ಓಡಾಟ ಹೇಗೆ ಅನ್ನೋದ್ರ ಮೇಲೂ ಭಾರದ ಅರ್ಥ ಬದಲಾಗತ್ತೆ. ಕಾರಲ್ಲಿ ಹೋಗೋರಿಗೆ ಎರಡು ಕೆಜಿನೂ ಮೂರು ಕೆಜಿನೂ ಒಂದೇ. ಬೈಕಲ್ಲಿ ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಹೋಗೋರಿಗೆ, ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ಹತ್ತು ನಿಮಿಷ ನಿಲ್ಲೋರಿಗೆ ಭುಜ ಹೇಳತ್ತೆ. ವೈಟ್‌ಫೀಲ್ಡ್ ಕಡೆ ನೇರಳೆ ಮಾರ್ಗದ ಮೆಟ್ರೋಲಿ ಬೆಳಗ್ಗೆ ಒಂಬತ್ತಕ್ಕೆ ಹತ್ತಿ ನೋಡಿ, ಬ್ಯಾಗ್ ಮುಂದೆ ಹಾಕ್ಕೊಂಡು ಒಂದು ಗಂಟೆ ನಿಂತೇ ಹೋಗ್ಬೇಕು, ಅಲ್ಲಿ ತೂಕದ ಜೊತೆ ಅಗಲಾನೂ ಲೆಕ್ಕಕ್ಕೆ ಬರತ್ತೆ.

ಅಗಲ ಅಂದಾಗ ನೆನಪಾಯ್ತು. ಹಳೇ 15.6 ಇಂಚಿನ 16:9 (ಅಗಲಕ್ಕೂ ಎತ್ತರಕ್ಕೂ ಇರೋ ಅನುಪಾತ) ಸ್ಕ್ರೀನಿನ ಅಗಲ 34.5 ಸೆಂಟಿಮೀಟರ್. ಹೊಸ 16 ಇಂಚಿನ 16:10 ಸ್ಕ್ರೀನಿನ ಅಗಲಾನೂ 34.5 ಸೆಂಟಿಮೀಟರೇ! ಎತ್ತರ ಮಾತ್ರ ಎರಡು ಸೆಂಟಿಮೀಟರ್ ಜಾಸ್ತಿ, ಅದು ಮುಂಚೆ ಸ್ಕ್ರೀನ್ ಕೆಳಗೆ ದಪ್ಪ ಪ್ಲಾಸ್ಟಿಕ್ ಅಂಚು ಇರ್ತಿತ್ತಲ್ಲ ಆ ಜಾಗ ತಿಂದಿದೆ ಅಷ್ಟೇ. ಹಾಗಾಗಿ "16 ನಮ್ ಬ್ಯಾಗಿಗೆ ಹಿಡಿಯಲ್ಲ" ಅಂತ 15.6 ಆರಿಸೋರು ಸುಮ್ನೆ ಓದೋಕೆ ಸಿಗೋ ನಾಲ್ಕು ಸಾಲು ಕಳ್ಕೋತಿದ್ದಾರೆ. 14 ಇಂಚಿನ 16:10 ಸ್ಕ್ರೀನ್ 30 ಸೆಂಟಿಮೀಟರ್ ಅಗಲ, ಬಸ್ಸಲ್ಲಿ, ಫ್ಲೈಟಿನ ಟ್ರೇ ಮೇಲೆ ಮೊಣಕೈ ಪಕ್ಕದೋರಿಗೆ ತಾಗದ ಹಾಗೆ ಕೂರ್ಬಹುದು.

15.6 ಬಗ್ಗೆ ನನ್ನ ತಕರಾರು

ನಡುವಿಂದು ಸೇಫ್ ಅಂತ ತಗೊಳೋ 15.6ರಲ್ಲಿ ಎರಡು ಜಾತಿ ಇದೆ. ಒಂದು, ಎರಡು ಫ್ಯಾನಿನ, ಪ್ಲಾಸ್ಟಿಕ್ ಬಾಡಿಯ, 2.3 ಕೆಜಿಯ ಬಜೆಟ್ ಗೇಮಿಂಗ್ ಲ್ಯಾಪ್‌ಟಾಪು. ನೋಡೋಕೆ ಒರಟು, ಆದ್ರೆ ದುಡ್ಡಿಗೆ ತಕ್ಕ ಕೂಲಿಂಗ್ ಇರತ್ತೆ, ರ್‍ಯಾಮ್ ಸ್ಲಾಟ್ ಇರತ್ತೆ, ಆಮೇಲೆ ಹೆಚ್ಚಿಸ್ಕೋಬಹುದು. ಇದರ ಮೇಲೆ ನನಗೆ ಗೌರವ ಇದೆ. ಇನ್ನೊಂದು, ತೆಳ್ಳಗೆ ಕಾಣ್ಬೇಕು ಅಂತ ಒಂದೇ ಫ್ಯಾನ್ ಇಟ್ಟು, ಒಳಗೆ ಎಚ್ ಸೀರೀಸ್, ಅಂದ್ರೆ 45 ವ್ಯಾಟ್ ಕ್ಲಾಸಿನ ಪ್ರೊಸೆಸರ್ ತುರುಕಿ, ಐ7 ಅಂತ ದೊಡ್ಡದಾಗಿ ಬರೆದಿರೋದು. ಬಾಡಿ 16 ಇಂಚಿನಷ್ಟು ಅಗಲ, ಕೂಲಿಂಗ್ 14 ಇಂಚಿನಷ್ಟೇ, ಬ್ಯಾಟರಿ ಚಿಕ್ಕದು. ಇದನ್ನ ಯಾರಿಗೂ ಹೇಳಲ್ಲ ನಾನು. ಈ ಬಾಡಿಲಿ ಯು ಸೀರೀಸ್ ಚಿಪ್, ಅಂದ್ರೆ 15 ವ್ಯಾಟ್ ಕ್ಲಾಸಿಂದು ಇದ್ರೆ ಮಾತು ಬೇರೆ, ಅದಕ್ಕೆ ಒಂದು ಫ್ಯಾನ್ ಧಾರಾಳ ಆಯ್ತು.

ಮತ್ತೆ ಅದಕ್ಕೇ ಅಂತ ಒಬ್ಬ ಗಿರಾಕಿ ಇದ್ದಾರೆ: ಟ್ಯಾಲಿ ಬಳಸೋರು. ಅಕೌಂಟ್ಸ್, ಜಿಎಸ್‌ಟಿ ಫೈಲಿಂಗ್, ಎಕ್ಸೆಲ್ ಮಾಡೋರಿಗೆ ಬಲಗಡೆ ನಂಬರ್ ಪ್ಯಾಡ್ ಇಲ್ಲದ 14 ಇಂಚು ಕೊಟ್ರೆ ಕೈ ಕಟ್ ಹಾಕಿದಂಗೆ. ಅವರಿಗೆ ಯು ಸೀರೀಸಿನ 15.6 ಅಥವಾ 16, ನಂಬರ್ ಪ್ಯಾಡ್ ಸಮೇತ, ಸಾಕು. ಬಿಸಿ ಸಮಸ್ಯೆನೇ ಇಲ್ಲ. ನಂಬರ್ ಬೇಡದೋರಿಗೆ ಮಾತ್ರ ಅದು ಕಿರಿಕಿರಿ, ಟಚ್‌ಪ್ಯಾಡು ಎಡಕ್ಕೆ ಸರಿದಿರತ್ತೆ, ಸ್ಕ್ರೀನಿನ ನಡುವಿಗೆ ಸರಿಯಾಗಿ ಕೂತು ಟೈಪ್ ಮಾಡೋಕಾಗಲ್ಲ.

ಯಾರಿಗೆ ಯಾವುದು

ಜಾಸ್ತಿ ಗೊಂದಲ ಇರೋದು ಇಂಜಿನಿಯರಿಂಗ್ ಸೇರೋ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ. ನಾಲ್ಕು ವರ್ಷ ಬಾಳಿಕೆ ಬರ್ಬೇಕು ಅಂತ ಇರೋದ್ರಲ್ಲೇ ದೊಡ್ಡದು ಕೊಡಿಸ್ತಾರೆ. ಕಂಪ್ಯೂಟರ್ ಸೈನ್ಸ್, ಐಎಸ್, ಇಸಿ ಹುಡುಗ ಹುಡುಗಿಯರಿಗೆ ದೊಡ್ಡದರ ಅಗತ್ಯ ಇಲ್ಲ. ಪೈಥಾನ್, ಜಾವಾ, ವೆಬ್ ಡೆವಲಪ್‌ಮೆಂಟ್, ಡಿಬಿಎಂಎಸ್ ಲ್ಯಾಬು, ಇವೆಲ್ಲ 14 ಇಂಚಿನ 16 ಜಿಬಿ ರ್‍ಯಾಮಿನ, ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಮೆಷಿನ್ನಲ್ಲಿ ಸಲೀಸು. ಎಐ ಎಂಎಲ್ ಅಂತ ಸೇರಿದೋರು ಆರ್‌ಟಿಎಕ್ಸ್ ಬೇಕೇ ಬೇಕು ಅಂತ ಹಠ ಮಾಡ್ತಾರೆ, ಅವರಿಗೆ ಗೂಗಲ್ ಕೊಲ್ಯಾಬ್, ಕ್ಯಾಗಲ್ ತೋರ್ಸಿ, ಕಲಿಯೋ ಹಂತಕ್ಕೆ ಅಲ್ಲಿ ಆನ್‌ಲೈನಲ್ಲೇ ಸಿಗೋ ಫ್ರೀ ಜಿಪಿಯು (ಗ್ರಾಫಿಕ್ಸ್ ಚಿಪ್) ಸಾಕಾಗತ್ತೆ. ಗೇಮ್ ಆಡೋಕೆ ಬೇಕು ಅಂದ್ರೆ ಹಾಗಂತಾನೇ ಹೇಳ್ಲಿ, ಅದಕ್ಕೆ ಬೇರೆ ಲೆಕ್ಕ.

ಮೆಕ್ಯಾನಿಕಲ್, ಸಿವಿಲ್ ನಡುವೆ ಇರೋದು. ಸಾಲಿಡ್‌ವರ್ಕ್ಸ್, ಆಟೋಕ್ಯಾಡ್, ರೆವಿಟ್‌ನಲ್ಲಿ ಮಾಡೆಲ್ ಮಾಡೋ ಕೆಲಸ ಬಹುಪಾಲು ಒಂದು ಕೋರ್ ಮೇಲೆ ನಡಿಯತ್ತೆ, ಅದಕ್ಕೆ ವ್ಯಾಟ್ ಜಾಸ್ತಿ ಬೇಡ. ಆನ್ಸಿಸ್ ಸಿಮ್ಯುಲೇಷನ್ ಹಾಕಿದಾಗ ಮಾತ್ರ ಎಲ್ಲಾ ಕೋರೂ ಗಂಟೆಗಟ್ಲೆ ದುಡೀತವೆ. ಸಿಮ್ಯುಲೇಷನ್ ಕಾಲೇಜ್ ಲ್ಯಾಬಲ್ಲೇ ಮಾಡ್ತೀವಿ ಅನ್ನೋರಿಗೆ 14 ಸಾಕು, ಫೈನಲ್ ಇಯರ್ ಪ್ರಾಜೆಕ್ಟ್ ರೂಮಲ್ಲಿ ಕೂತು ಮಾಡ್ಬೇಕು ಅಂದ್ರೆ 16.

ಆರ್ಕಿಟೆಕ್ಚರ್ ಓದೋರದ್ದು ನಿಜವಾದ ಕಷ್ಟ, ಅವರಿಗೆ ಎರಡೂ ಬೇಕು. ಲುಮಿಯಾನ್, ಎನ್‌ಸ್ಕೇಪಲ್ಲಿ ರೆಂಡರ್ ಮಾಡೋಕೆ ಗಟ್ಟಿ ಗ್ರಾಫಿಕ್ಸ್ ಬೇಕು, ಜೂರಿ (ಪ್ರಾಜೆಕ್ಟ್ ನೋಡಿ ಮಾರ್ಕ್ಸ್ ಕೊಡೋ ದಿನ) ಹಿಂದಿನ ರಾತ್ರಿ ಪೂರ್ತಿ ರೆಂಡರಿಗೆ ಹಾಕಿರ್ತಾರೆ, ಬೆಳಗ್ಗೆ ಅದನ್ನೇ ಹೊತ್ಕೊಂಡು, ಇನ್ನೊಂದು ಕೈಲಿ ಶೀಟ್ ರೋಲು, ಮಾಡೆಲ್ ಹಿಡ್ಕೊಂಡು ಸ್ಟುಡಿಯೋಗೆ ಓಡ್ಬೇಕು. ಬಜೆಟ್ ಇದ್ರೆ 1.8 ಕೆಜಿ ಒಳಗಿನ 16 ಇಂಚೋ ಒಂದೂವರೆ ಕೆಜಿಯ 14 ಇಂಚೋ 90 ವ್ಯಾಟ್ ಗ್ರಾಫಿಕ್ಸಿಂದು ಹುಡುಕ್ಬೇಕು, ಲಕ್ಷದ ಮೇಲೆ ಚೆನ್ನಾಗೇ ಕೊಡ್ಬೇಕಾಗತ್ತೆ. ಬಜೆಟ್ ಇಲ್ಲ ಅಂದ್ರೆ ನಾನು ಭಾರ ಹೊರಿ ಅಂತೀನಿ. ರೆಂಡರ್ ಅರ್ಧಕ್ಕೆ ನಿಂತು ಜೂರಿ ಮುಂದೆ ಖಾಲಿ ಶೀಟ್ ಹಿಡ್ಕೊಂಡು ನಿಲ್ಲೋದಕ್ಕಿಂತ ಭುಜ ನೋವೇ ವಾಸಿ.

ಸಾಫ್ಟ್‌ವೇರ್ ಕೆಲಸದೋರು ವಾರಕ್ಕೆ ಎರಡು ಮೂರು ದಿನ ಆಫೀಸು ಉಳಿದಿದ್ದು ಮನೆ ಅನ್ನೋ ಪದ್ಧತಿಲಿ ಇದ್ರೆ ಕಣ್ಮುಚ್ಕೊಂಡು 14, ಮನೇಲಿ ಒಂದು 24 ಅಥವಾ 27 ಇಂಚಿನ ಮಾನಿಟರ್. ಆಂಡ್ರಾಯ್ಡ್ ಸ್ಟುಡಿಯೋ, ಹತ್ತಾರು ಡಾಕರ್ ಕಂಟೇನರ್ ಓಡಿಸೋರು 14ರಲ್ಲೇ ಎರಡು ಫ್ಯಾನ್ ಇರೋದನ್ನ ನೋಡಿ. 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸೀರೀಸು, ಬಹುಪಾಲು ಮಾಡೆಲಲ್ಲಿ ಬೇಸ್ 17 ವ್ಯಾಟ್ ಗರಿಷ್ಠ 37 ವ್ಯಾಟ್, ಚಿಕ್ಕ ಬಾಡಿಗೇ ಹೇಳಿ ಮಾಡಿಸಿದ್ದು, ಬ್ಯಾಟರಿನೂ ಚೆನ್ನಾಗಿ ಬರತ್ತೆ, ಆದ್ರೆ ರ್‍ಯಾಮ್ ಚಿಪ್ ಜೊತೆಗೇ ಅಂಟಿರತ್ತೆ, 32 ಜಿಬಿಗಿಂತ ಮೇಲೆ ಇಲ್ಲ, ತಗೊಳುವಾಗಲೇ ಎಷ್ಟು ಬೇಕೋ ಅಷ್ಟು ತಗೊಂಡ್ಬಿಡಿ.

ವಿಡಿಯೋ ಎಡಿಟ್ ಮಾಡೋರು, ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿರೋರು 16. ಯೋಚನೆನೇ ಬೇಡ, ಟೈಮ್‌ಲೈನಿಗೆ ಸ್ಕ್ರೀನೂ ಬೇಕು, ಎಕ್ಸ್‌ಪೋರ್ಟಿಗೆ ಕೂಲಿಂಗೂ ಬೇಕು. ಟೀಚರ್‌ಗಳು, ಬ್ಯಾಂಕು, ಬರವಣಿಗೆ, ಮನೆ ಬಳಕೆ ಇವರು ಕೈಲಿ ಹಿಡಿದು ನೋಡಿ ಯಾವುದು ಇಷ್ಟ ಆಗತ್ತೋ ಅದು, ಬಿಸಿ ನಿಮ್ಮ ಸಮಸ್ಯೆ ಅಲ್ಲ.

ಗೇಮ್ ಆಡೋರಿಗೆ ಒಂದು ಪ್ರಶ್ನೆ. ನಿಮ್ಮ 16 ಇಂಚು ಮನೆ ಬಿಟ್ಟು ಎಷ್ಟು ಸಲ ಹೊರಗೆ ಹೋಗತ್ತೆ? ಹಬ್ಬಕ್ಕೆ ಊರಿಗೆ ಹೋಗುವಾಗ ಮಾತ್ರ ಅನ್ನೋದಾದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಡೆಸ್ಕ್‌ಟಾಪ್ ಕಟ್ಟಿಸಿ, ಓಡಾಟಕ್ಕೆ ಸಾದಾ 14 ಇಂಚು ಇಟ್ಕೊಳ್ಳಿ, ದೊಡ್ಡ ಗೇಮಿಂಗ್ ಲ್ಯಾಪ್‌ಟಾಪಿಗೆ ಕೊಡೋ ದುಡ್ಡಲ್ಲಿ ಸ್ವಲ್ಪ ಹಿಡಿತ ಮಾಡಿದ್ರೆ ಎರಡೂ ಆಗತ್ತೆ. ಪಿಜಿಲಿ ಇರೋರಿಗೆ, ಆರು ತಿಂಗಳಿಗೊಮ್ಮೆ ರೂಮ್ ಬದಲಾಯಿಸೋರಿಗೆ ಇದು ಆಗಲ್ಲ ಗೊತ್ತು, ಅವರು 16 ತಗೊಳ್ಳಿ.

ಈಗಾಗ್ಲೇ ಚಿಕ್ಕದು ತಗೊಂಡು ಬಿಸಿ ಅಂತ ಒದ್ದಾಡ್ತಿರೋರು ಹೊಸದಕ್ಕೆ ಹೋಗೋ ಮುಂಚೆ ಹಿಂದಿನ ಅಂಚು ಎರಡು ಮೂರು ಸೆಂಟಿಮೀಟರ್ ಎತ್ತಿಡಿ, ಹಾಸಿಗೆ ಮೇಲೆ ಇಡ್ಬೇಡಿ. ದುಬಾರಿ ಕೂಲಿಂಗ್ ಪ್ಯಾಡ್ ಮಾಡೋ ಕೆಲಸದಲ್ಲಿ ದೊಡ್ಡ ಪಾಲು ಇದೊಂದರಿಂದಲೇ ಆಗತ್ತೆ. ಗೇಮಲ್ಲಿ ಫ್ರೇಮ್ ರೇಟ್ 60ಕ್ಕೆ ಲಾಕ್ ಮಾಡಿ. ವಿಂಡೋಸ್ ಪವರ್ ಆಪ್ಶನ್ಸಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನೋದನ್ನ 100ರಿಂದ 99ಕ್ಕೆ ಇಳಿಸಿದ್ರೆ ಟರ್ಬೋ ಆಫ್ ಆಗತ್ತೆ, ವೇಗ ಕಮ್ಮಿ ಆಗತ್ತೆ ನಿಜ, ಫ್ಯಾನು ಮಾತ್ರ ಬಾಯ್ಮುಚ್ಚತ್ತೆ.

ಅಂಗಡಿಗೆ ಹೋದಾಗ

ಲ್ಯಾಪ್‌ಟಾಪ್ ತಿರುಗಿಸಿ ಹೊಟ್ಟೆ ನೋಡಿ. ತೂತುಗಳು ನಿಜವಾಗ್ಲೂ ತೆರೆದಿವ್ಯಾ, ಇಲ್ಲ ಅರ್ಧ ಡಿಸೈನಿಗೆ ಅಂತ ಮುಚ್ಚಿದ್ದಾರಾ ಗೊತ್ತಾಗತ್ತೆ. ಬಿಸಿಗಾಳಿ ಬಲಗಡೆಯಿಂದ ಹೊರಗೆ ಬರೋ ಡಿಸೈನ್ ಆದ್ರೆ ಮೌಸ್ ಹಿಡಿಯೋ ಕೈ ಬೇಯತ್ತೆ, ಹಿಂದಿಂದ ಬರೋದು ಒಳ್ಳೇದು. ಅಡಾಪ್ಟರ್ ಮೇಲಿನ ವ್ಯಾಟ್ ಓದಿ, ಕಂಪನಿ ಆ ಮೆಷಿನ್ನಿಗೆ ಒಟ್ಟು ಎಷ್ಟು ವ್ಯಾಟ್ ಕೊಡೋ ಉದ್ದೇಶ ಇಟ್ಕೊಂಡಿದೆ ಅಂತ ಅಂದಾಜು ಸಿಗತ್ತೆ, 4060 ಇದೆ ಅಂತ ಹೇಳ್ತಾ ಕೈಗೆ 140 ವ್ಯಾಟಿನ ಚಾರ್ಜರ್ ಕೊಟ್ರೆ ಪ್ರೊಸೆಸರಿಗೆ ಏನು ಉಳೀತು ಅಂತ ನೀವೇ ಕಳೆದು ನೋಡಿ. ಅದನ್ನೂ ಲ್ಯಾಪ್‌ಟಾಪನ್ನೂ ನಿಮ್ಮದೇ ಬ್ಯಾಗಲ್ಲಿ ಹಾಕಿ ಹೆಗಲಿಗೇರಿಸಿ ಅಂಗಡಿಲೇ ಎರಡು ಸುತ್ತು ಹೊಡೀರಿ, ಸೇಲ್ಸ್ ಹುಡುಗ ನಕ್ಕರೆ ನಗ್ಲಿ.

ಆನ್‌ಲೈನಲ್ಲಿ ತರಿಸೋರು ರಿಟರ್ನ್ ಇದ್ಯಾ ಬರೀ ರಿಪ್ಲೇಸ್‌ಮೆಂಟಾ ಅಂತ ಆರ್ಡರ್ ಹಾಕೋ ಮುಂಚೆ ಓದ್ಕೊಳ್ಳಿ. ಮನೆಗೆ ಬಂದ ದಿನಾನೇ, ಎಸಿ ಫ್ಯಾನ್ ಎಲ್ಲ ನೀವು ದಿನಾ ಹೇಗಿಟ್ಕೋತೀರೋ ಹಾಗೇ ಇಟ್ಟು, ಸಿನಿಬೆಂಚ್ ಅನ್ನೋ ಪ್ರೊಸೆಸರ್ ಟೆಸ್ಟ್ ಸಾಫ್ಟ್‌ವೇರ್ ಅರ್ಧ ಗಂಟೆ ಬಿಡದೇ ಓಡಿಸಿ, ಪಕ್ಕದಲ್ಲಿ ವ್ಯಾಟ್, ಬಿಸಿ ತೋರ್ಸೋ ಎಚ್‌ಡಬ್ಲ್ಯು ಇನ್ಫೋ ಸಾಫ್ಟ್‌ವೇರ್ ತೆಗೆದು ಸಿಪಿಯು ಪ್ಯಾಕೇಜ್ ಪವರ್ ಅನ್ನೋ ಸಾಲು ನೋಡ್ತಿರಿ. ಎಷ್ಟು ಡಿಗ್ರಿ ಅಂತ ಅಲ್ಲ, ಎಷ್ಟು ವ್ಯಾಟಲ್ಲಿ ನಿಂತಿದೆ ಅಂತ. ಎಚ್ ಸೀರೀಸ್ ಚಿಪ್ಪು 45ರ ಮೇಲೆ ನಿಂತ್ರೆ ಇಟ್ಕೊಳ್ಳಿ. 25, 30ಕ್ಕೆ ಜಾರಿ ಅಲ್ಲೇ ಕೂತ್ರೆ ನೀವು ಎಚ್ ಸೀರೀಸಿಗೆ ದುಡ್ಡು ಕೊಟ್ಟು ಯು ಸೀರೀಸ್ ತಂದಿದ್ದೀರಿ, ಬಾಕ್ಸು ಕವರ್ರು ಹರಿಯೋ ಮುಂಚೆ ವಾಪಸ್ ಕಳ್ಸಿ.